ಘಟ್ಟ ಹತ್ತಿ ಬಂದವರು, ಘಟ್ಟ ಇಳಿದು ಹೋದವರು

(ಗುಂಜಿ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನನಗೆ ಇವತ್ತು ಮಾತನಾಡಲು ಕೊಟ್ಟ ವಿಷಯ "ನಿರಾಶ್ರಿತರು ಮತ್ತು ನಾವು". ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡಿರಿ. ನಿರಾಶ್ರಿತರು ಅಂದರೆ ಟಿ.ವಿ.ಯಲ್ಲಿ ತೋರಿಸುವ ಜನ, ಎಲ್ಲೋ ಯುದ್ಧ, ಎಲ್ಲೋ ದೋಣಿ, ಗುಂಜಿಗೂ ಅದಕ್ಕೂ ಏನು ಸಂಬಂಧ ಅಂತ ಅನ್ನಿಸಿರಬೇಕು. ಸಂಬಂಧ ಇದೆ. ಅದನ್ನು ಹೇಳುವ ಮೊದಲು ಹೋದ ತಿಂಗಳು ನಡೆದ ಒಂದು ಸಂಗತಿ ಹೇಳುತ್ತೇನೆ. ಸಂಘದ ಹೆಸರು ಹೇಳುವುದಿಲ್ಲ. ಆ ಸಂಘದವರೂ ಇಲ್ಲಿಯೇ ಕೂತಿದ್ದಾರೆ, ಅವರ ಮೇಲೆ ನನಗೆ ಸಿಟ್ಟಿಲ್ಲ.

ನಾನು ಪುಸ್ತಕ ತಪಾಸಣೆಗೆ ಹೋಗಿದ್ದೆ. ಉಳಿತಾಯ ಎಣಿಸಿ ಆಯಿತು, ಸಾಲದ ಕಂತು ಬರೆದಾಯಿತು. ಅಷ್ಟರಲ್ಲಿ ಇಟ್ಟಂಗಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಬಾಗಿಲ ಹತ್ತಿರ ನಿಂತು, "ನನ್ನೂ ಸಂಘಕ್ಕ ತಗೋತೀರೇನ್ರೀ ಅಕ್ಕಾರ?" ಅಂತ ಕೇಳಿದಳು. ಒಳಗೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ಮುಂದಿನ ಸಭೆಯಲ್ಲಿ ನೋಡೋಣ" ಅಂದರು. ಅವಳು ಹೋದ ಮೇಲೆ ಮಾತು ಶುರುವಾಯಿತು. ಹೊರಗಿನವಳು. ಎಲ್ಲಿಂದ ಬಂದಳೋ. ನಾಳೆ ಭಟ್ಟಿ ಮುಗಿದರೆ ಗಂಟು ಕಟ್ಟಿಕೊಂಡು ಹೋಗುತ್ತಾಳೆ, ಸಾಲ ಯಾರು ತುಂಬಬೇಕು? ಅವರ ಮಾತೇ ಬೇರೆ, ಊಟವೇ ಬೇರೆ. ಗೋವಾದಲ್ಲಿ ಇದ್ದು ಬಂದವಳಂತೆ, ಏನು ಕೆಲಸ ಮಾಡುತ್ತಿದ್ದಳೋ.

ಈ ಕೊನೆಯ ಮಾತು ನನಗೆ ಚುಚ್ಚಿತು. ಮರುದಿನ ನಾನೇ ಅವಳ ಗುಡಿಸಲಿಗೆ ಹೋದೆ. ಅವಳ ಕಥೆ ಇಷ್ಟು. ಗಂಡನ ಮನೆ ಬಾಗಲಕೋಟೆ ಕಡೆಯದು, ಕೃಷ್ಣಾ ನದಿ ದಂಡೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿತು. ಆ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಗಳು. ನೀರು ನಿಂತದ್ದು ಮೂವತ್ತು ವರ್ಷಗಳ ಮೇಲೆ. ಅಷ್ಟೂ ವರ್ಷ ಆ ಊರುಗಳ ಜನ ಹೊಸ ಮನೆ ಕಟ್ಟಲಿಲ್ಲ, ಹಳೆಯದನ್ನು ರಿಪೇರಿ ಮಾಡಲಿಲ್ಲ, ಇವತ್ತು ಮುಳುಗುತ್ತದೆ ನಾಳೆ ಮುಳುಗುತ್ತದೆ ಅಂತ ಕೂತರು. ಕೊನೆಗೆ ಬಂದ ಪರಿಹಾರ ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಹಂಚಿ, ಹಳೆಯ ಸಾಲಕ್ಕೆ ಹೋಗಿ, ಕೈಯಲ್ಲಿ ಉಳಿಯಲಿಲ್ಲ. ಗಂಡ ಹೆಂಡತಿ ಗೋವಾಕ್ಕೆ ದುಡಿಯಲು ಹೋದರು. ಕಡಲ ದಂಡೆಯ ಒಂದು ಜೋಪಡಿಯಲ್ಲಿ ಇದ್ದರು, ಅವಳು ಮನೆಗೆಲಸ, ಅವನು ಗೌಂಡಿ ಕೈಕೆಳಗೆ. ಒಂದು ದಿನ ಜೋಪಡಿ ಕೆಡವಿದರು. ಮತ್ತೆ ಗಂಟು ಕಟ್ಟಿ ಘಟ್ಟ ಹತ್ತಿ ಬಂದದ್ದು ಇಲ್ಲಿಗೆ. ನಾಲ್ಕು ವರ್ಷ ಆಯಿತು.

ನೋಡಿ, ಇವಳು ಬೇರೆ ದೇಶದವಳಲ್ಲ, ಬೇರೆ ರಾಜ್ಯದವಳೂ ಅಲ್ಲ. ನಮ್ಮ ಕರ್ನಾಟಕದವಳೇ, ನಮಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. (ನಗಬೇಡಿ, ನಿಜ. ನನ್ನ ಮನೆಯಲ್ಲಿ ಕೊಂಕಣಿ, ನೆರೆಹೊರೆಯಲ್ಲಿ ಮರಾಠಿ, ಕನ್ನಡ ಕಲಿತದ್ದು ಶಾಲೆಗೆ ಹೋದ ಮೇಲೆ.) ಆದರೂ ಎರಡು ಸಲ ಮನೆ ಕಳೆದುಕೊಂಡು ಮೂರನೆಯ ಊರಿನಲ್ಲಿ ಬಾಗಿಲ ಹೊರಗೆ ನಿಂತಿದ್ದಾಳೆ. ಸರಕಾರದ ಪುಸ್ತಕದಲ್ಲಿ ನಿರಾಶ್ರಿತರು ಅಂದರೆ ಗಡಿ ದಾಟಿ ಬಂದವರು. ಅವಳಿಗೆ ಆ ಹೆಸರೂ ಇಲ್ಲ.

ಈಗ ನಮ್ಮ ಕಡೆ ತಿರುಗೋಣ. ಈ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಯಾರು ಯಾವಾಗಿನಿಂದ ಇದ್ದಾರೆ?

ನನ್ನ ಮುತ್ತಜ್ಜ ಗೋವಾದವರು. 1880ರ ದಶಕದ ಕೊನೆಗೆ ಮುರಗಾಂವ ಬಂದರಿನಿಂದ ಕ್ಯಾಸಲ್‌ರಾಕ್ ಘಟ್ಟಕ್ಕೆ ರೈಲು ಹತ್ತಿತು. ಈಚೆಯಿಂದ ಲೋಂಡಾಕ್ಕೆ ಹಳಿ ಬಂತು. ಆ ಹಳಿಯ ಜೊತೆಗೆ ಗೋವಾದ ಬಡ ಜನ ಮೇಲೆ ಬಂದರು. ಅಡುಗೆಯವರು, ಬಡಗಿಗಳು, ಗ್ಯಾಂಗಿನ ಕೂಲಿಗಳು. ನನ್ನ ಅಜ್ಜಿ ಹೇಳುತ್ತಿದ್ದಳು, ಮೊದಮೊದಲು ಅವರಿದ್ದ ಊರಿನ ಬಾವಿಯಲ್ಲಿ ನೀರು ಸೇದಲು ಬಿಡುತ್ತಿರಲಿಲ್ಲವಂತೆ. ಕೊಡ ಇಟ್ಟು ಪಕ್ಕಕ್ಕೆ ನಿಲ್ಲಬೇಕು, ಯಾರಾದರೂ ಸೇದಿ ಹಾಕಿದರೆ ಉಂಟು. ಅವರು ಏನೇನೋ ತಿನ್ನುತ್ತಾರೆ, ಕುಡಿಯುತ್ತಾರೆ, ನಂಬಬಾರದು ಅಂತ ಮಾತು. ಅದೇ ಊರಿನಲ್ಲಿ ಅಜ್ಜಿ ಮುಂದೆ ಸೂಲಗಿತ್ತಿಯಾದಳು. ಆ ಬಾವಿಯ ಮನೆಯ ಮೂರು ಮಕ್ಕಳು ಹುಟ್ಟಿದ್ದು ಅವಳ ಕೈಯಲ್ಲಿ.

ಇದಕ್ಕೂ ಹಿಂದಿನ ಕಥೆ ದೊಡ್ಡದು. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಾಲಯ ಬಂತು. ದೇವಸ್ಥಾನಗಳನ್ನು ಒಡೆದರು. ಹಿಂದೂ ಕುಟುಂಬಗಳು ದೇವರ ಮೂರ್ತಿಗಳನ್ನು ಹೊತ್ತು ನದಿ ದಾಟಿ ಫೋಂಡಾ ಕಡೆ ಹೋದರು, ಕಾರವಾರ, ಅಂಕೋಲಾ, ಕುಮಟಾ, ಮಂಗಳೂರು, ಕೊಚ್ಚಿಯವರೆಗೂ ಹೋದರು. ಇದನ್ನು ಮಾಡಿಸಿದ್ದು ನಮ್ಮ ಧರ್ಮದ ಹೆಸರಿನಲ್ಲಿ. ಇದನ್ನು ಮುಚ್ಚಿಟ್ಟು ನಾನು ಮುಂದಿನ ಮಾತು ಹೇಳಲಾರೆ. ಮುಂದೆ ಕ್ರೈಸ್ತ ಕುಟುಂಬಗಳೂ ಬಿಟ್ಟು ಬಂದವು. ಬರ, ತೆರಿಗೆ, 1683ರಲ್ಲಿ ಮತ್ತು 1739ರಲ್ಲಿ ನಡೆದ ಮರಾಠರ ಯುದ್ಧಗಳು. ಕೆಳದಿಯ ಅರಸರು ಅವರಿಗೆ ಸಾಗುವಳಿಗೆ ಭೂಮಿ ಕೊಟ್ಟರು. ದೊಡ್ಡ ಮನಸ್ಸಿನಿಂದ ಕೊಟ್ಟರೋ, ಉಳುವವರು ಬೇಕಾಗಿತ್ತು ಅಂತ ಕೊಟ್ಟರೋ, ಎರಡೂ ಇರಬಹುದು. ಕೊಟ್ಟರು, ಅವರು ಬೆಳೆದರು. ಮುಂದೆ 1784ರಲ್ಲಿ, ಇಂಗ್ಲಿಷರಿಗೆ ಸಹಾಯ ಮಾಡಿದರು ಎಂಬ ಆಪಾದನೆ ಹೊರಿಸಿ ಟಿಪ್ಪು ಸುಲ್ತಾನನು ಕರಾವಳಿಯ ಹತ್ತಾರು ಸಾವಿರ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಳುಗಳಾಗಿ ಸಾಗಿಸಿದನು. ದಾರಿಯಲ್ಲಿ ಸತ್ತವರೆಷ್ಟೋ. 1799ರಲ್ಲಿ ಬಿಡುಗಡೆಯಾಗಿ ಬಂದವರಿಗೆ ತಮ್ಮ ಹೊಲದಲ್ಲಿ ಬೇರೆಯವರು ಬಿತ್ತುತ್ತಿರುವುದು ಕಂಡಿತು. ನೂರು ವರ್ಷ ಒಂದು ಕಡೆ ಇದ್ದರೂ "ನೀವು ಆ ಕಡೆಯವರು" ಅನ್ನುವ ಮಾತು ಎಲ್ಲಿಂದಲೋ ಎದ್ದು ಬರುತ್ತದೆ. ಯಾರೋ ಹತ್ತು ಜನ ಮಾಡಿದ್ದಕ್ಕೆ ಇಡೀ ಜನಾಂಗ ತಲೆ ಕೊಡಬೇಕಾಗುತ್ತದೆ.

ಇನ್ನು ಸಿದ್ದಿ ಅಕ್ಕಂದಿರು. ಇವತ್ತು ಮೂರ್ನಾಲ್ಕು ಜನ ಬಂದಿದ್ದೀರಿ, ಸಂತೋಷ. ಇವರ ಪೂರ್ವಜರು ತಾವಾಗಿ ಬಂದವರಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ಗೋವಾಕ್ಕೆ ತಂದು ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಈ ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿ, ನಮ್ಮ ಖಾನಾಪುರ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಹಳೆ ಸೀರೆಯ ತುಂಡು ಸೇರಿಸಿ ಅವರು ಹೊಲಿಯುವ ಕೌದಿ ಈಗ ದೂರದ ದೇಶಗಳಲ್ಲಿ ಪ್ರದರ್ಶನಕ್ಕೆ ಹೋಗುತ್ತದೆ. ಆದರೆ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇದ್ದರೂ ನಿಂತುಕೊಂಡೇ ಬರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಂದು ವಿಚಿತ್ರ ಕೇಳಿ. 2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಆದರೆ ಉತ್ತರ ಕನ್ನಡ ಜಿಲ್ಲೆಯವರನ್ನು ಮಾತ್ರ. ಹಳ್ಳದ ಆ ದಂಡೆಯ ಅಕ್ಕ ಪರಿಶಿಷ್ಟ ಪಂಗಡ, ಈ ದಂಡೆಗೆ ಮದುವೆಯಾಗಿ ಬಂದ ತಂಗಿ ಅಲ್ಲ! ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯ ಸಿದ್ದಿಗಳು ಆ ಪಟ್ಟಿಗೆ ಸೇರಲು 2020 ಬರಬೇಕಾಯಿತು. ಹದಿನೇಳು ವರ್ಷ. ಒಂದು ಗೆರೆ ಅಷ್ಟು ಕೆಲಸ ಮಾಡುತ್ತದೆ. ಅದೇ ವರ್ಷ ಸಿದ್ದಿ ಸಮಾಜದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಅದನ್ನೂ ಹೇಳಬೇಕು.

ಈಗ ನಿಮ್ಮಲ್ಲಿ ಸೀರೆ, ನೈಟಿ, ಮಕ್ಕಳ ಬಟ್ಟೆ ಮಾರುವವರು ಕೈ ಎತ್ತಿ. ಮಾಲು ಎಲ್ಲಿಂದ ತರುತ್ತೀರಿ? ಹೌದು, ಕೊಲ್ಲಾಪುರದ ಹತ್ತಿರದ ಗಾಂಧಿನಗರದಿಂದ. ಸಗಟು ಬಟ್ಟೆಗೆ ಅದು ಹೆಸರುವಾಸಿ. ಆ ಜಾಗದ ಕಥೆ ನಿಮಗೆ ಗೊತ್ತೇನು?

ಎರಡನೇ ಮಹಾಯುದ್ಧ ಶುರುವಾದಾಗ ಯೂರೋಪಿನ ಪೋಲೆಂಡ್ ದೇಶವನ್ನು ಒಂದು ಕಡೆಯಿಂದ ಜರ್ಮನಿ, ಇನ್ನೊಂದು ಕಡೆಯಿಂದ ರಷ್ಯಾ ನುಂಗಿದವು. 1940 ಮತ್ತು 1941ರಲ್ಲಿ ರಷ್ಯಾದವರು ಲಕ್ಷಾಂತರ ಪೋಲಿಷ್ ಜನರನ್ನು ರಾತ್ರೋರಾತ್ರಿ ಎಬ್ಬಿಸಿ, ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾ, ಕಝಾಕಸ್ತಾನಕ್ಕೆ ಕಳಿಸಿದರು. ಹಿಮ, ಹಸಿವು, ಕಾಡು ಕಡಿಯುವ ಕೆಲಸ. ಮುಂದೆ ಬಿಡುಗಡೆ ಸಿಕ್ಕಾಗ ಬದುಕಿ ಉಳಿದವರು ಇರಾನಿಗೆ ಬಂದು ಸೇರಿದರು. ಗಂಡಸರು ಸೈನ್ಯಕ್ಕೆ ಹೋದರು. ಹೆಂಗಸರು ಮತ್ತು ಮಕ್ಕಳನ್ನು ಯಾರು ಇಟ್ಟುಕೊಳ್ಳಬೇಕು? ಗುಜರಾತದ ಜಾಮನಗರದ ಮಹಾರಾಜ ದಿಗ್ವಿಜಯಸಿಂಹಜಿಯವರು 1942ರಲ್ಲಿ ಮಕ್ಕಳಿಗಾಗಿ ತಮ್ಮ ಸಂಸ್ಥಾನದ ಬಾಲಾಚಡಿಯಲ್ಲಿ ಶಿಬಿರ ತೆರೆದರು. 1943ರಲ್ಲಿ ಕೊಲ್ಲಾಪುರ ಸಂಸ್ಥಾನದ ವಳಿವಡೆಯಲ್ಲಿ ದೊಡ್ಡ ಶಿಬಿರ ತೆರೆಯಿತು. ಸುಮಾರು ಐದು ಸಾವಿರ ಜನ, ಹೆಚ್ಚಾಗಿ ಹೆಂಗಸರು, ಮಕ್ಕಳು. ಬೆಳಗಾವಿಯಿಂದ ಬಸ್ಸಿನಲ್ಲಿ ಮೂರು ತಾಸಿನೊಳಗಿನ ದಾರಿ!

ಸಾಲು ಸಾಲು ಬರಾಕುಗಳು, ಶಾಲೆ, ಆಸ್ಪತ್ರೆ, ಚರ್ಚು, ನಾಟಕದ ಮನೆ ಎಲ್ಲ ಇತ್ತು. ಅಂಗಡಿ ಹಾಕಿದವರು ಸುತ್ತಲಿನ ಊರಿನವರು. ಕಾಯಿಪಲ್ಲೆ ಮಾರಲು ಬಂದ ಹಳ್ಳಿಯವರು ಮುರುಕು ಪೋಲಿಷ್ ಕಲಿತರಂತೆ, ಅವರು ಮುರುಕು ಮರಾಠಿ ಕಲಿತರಂತೆ. ವ್ಯಾಪಾರಕ್ಕೆ ನಿಂತರೆ ಮಾತು ತಾನೇ ಬರುತ್ತದೆ, ಇದು ನಿಮಗೆ ಹೇಳಬೇಕಾಗಿಲ್ಲ. ಆ ಹೊತ್ತಿನಲ್ಲಿ ನಮ್ಮ ದೇಶ ಪರರ ಆಳ್ವಿಕೆಯಲ್ಲಿತ್ತು, 1943ರಲ್ಲಿಯೇ ಬಂಗಾಲದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ನಮಗೇ ಇಲ್ಲ, ಇವರಿಗೆಲ್ಲಿಂದ ಅನ್ನಲು ಕಾರಣ ಬೇಕಾದಷ್ಟಿತ್ತು. ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು: ವಳಿವಡೆ ಶಿಬಿರದ ಖರ್ಚು ಕೊಟ್ಟಿದ್ದು ಲಂಡನ್ನಿನಲ್ಲಿದ್ದ ಪೋಲಿಷ್ ಸರಕಾರ. ಊರಿನವರ ಹೊಟ್ಟೆಯ ಮೇಲೆ ಹೊರೆ ಬೀಳದಿದ್ದರೆ ಸ್ವಾಗತ ಸುಲಭ. ಅವರು ಬಿಳಿ ಜನ ಅನ್ನುವುದೂ ಒಂದು ಕಾರಣ ಇರಬಹುದು. ನಾವು ಎಲ್ಲ ಹೊರಗಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ವಿದೇಶಿ ಪ್ರವಾಸಿ ಬಂದರೆ ಕುರ್ಚಿ ಹಾಕುತ್ತೇವೆ, ಭಟ್ಟಿ ಕೂಲಿ ಬಂದರೆ ಎಲ್ಲಿಂದ ಬಂದೆ ಅಂತ ಕೇಳುತ್ತೇವೆ.

ಯುದ್ಧ ಮುಗಿದ ಮೇಲೆ ಅವರ ದೇಶದ ಗಡಿಯೇ ಬದಲಾಗಿತ್ತು. ಬಹಳ ಮಂದಿ ಊರಿಗೆ ಹೋಗಲಾಗದೆ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ ಸೇರಿದರು. 1948ರ ಹೊತ್ತಿಗೆ ಶಿಬಿರ ಖಾಲಿ. ಅಷ್ಟರಲ್ಲಿ ದೇಶ ವಿಭಜನೆಯಾಗಿ ಸಿಂಧ್ ಪ್ರಾಂತದಿಂದ ಹಿಂದೂ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಬಂದವು. ಅವರನ್ನು ಅದೇ ಬರಾಕುಗಳಲ್ಲಿ ಇಳಿಸಿದರು. ಅದಕ್ಕೆ ಗಾಂಧಿನಗರ ಎಂಬ ಹೆಸರು ಬಂತು. ಆಗ ದೇಶದ ಎಲ್ಲ ಕಡೆ ಇಂಥವರಿಗೆ ನಿರಾಶ್ರಿತರು, ಶರಣಾರ್ಥಿಗಳು ಅನ್ನುವುದೇ ಒಂದು ಬೈಗುಳವಾಗಿತ್ತು. ಬೆಲೆ ಇಳಿಸಿ ಮಾರಿ ನಮ್ಮ ವ್ಯಾಪಾರ ಕೆಡಿಸುತ್ತಾರೆ ಎಂದು ಅಂಗಡಿಕಾರರ ದೂರು. ಅವರು, ನಮ್ಮನ್ನು ಶರಣಾರ್ಥಿ ಅನ್ನಬೇಡಿ, ಪುರುಷಾರ್ಥಿ ಅನ್ನಿ ಎಂದರು, ಅಂದರೆ ದುಡಿದು ತಿನ್ನುವವರು. ಹೆಗಲ ಮೇಲೆ ಬಟ್ಟೆಯ ಗಂಟು ಹೊತ್ತು ಬೀದಿ ಬೀದಿ ತಿರುಗಿದರು. ಇವತ್ತು ನೀವು ಅದೇ ಗಾಂಧಿನಗರಕ್ಕೆ ಹೋಗಿ, ಸಂಘದ ಸಾಲದ ಹಣದಲ್ಲಿ ಮಾಲು ತಂದು, ಇಲ್ಲಿ ಮಾರಿ ಮಕ್ಕಳ ಶಾಲೆ ಫೀ ಕಟ್ಟುತ್ತೀರಿ.

ಚಳಿಗಾಲದಲ್ಲಿ ಬೆಳಗಾವಿಯಲ್ಲಿ ಸ್ವೆಟರ್ ಮಾರುವ ಟಿಬೆಟಿಯನ್ನರನ್ನು ನೋಡಿದ್ದೀರಿ. ಚೀನಾ ಆಕ್ರಮಣದಿಂದ 1959ರಲ್ಲಿ ದಲೈ ಲಾಮಾ ಅವರೊಂದಿಗೆ, ಅವರ ಹಿಂದೆ, ಹಿಮಾಲಯ ದಾಟಿ ಬಂದ ಜನ. ನಮ್ಮ ರಾಜ್ಯದಲ್ಲಿ ಮೊದಲು ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ ಅವರಿಗೆ ಭೂಮಿ ಕೊಟ್ಟರು. ಮುಂಡಗೋಡಕ್ಕೆ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪನವರು. "ಅವರಿಗೆ ಎಲ್ಲ ಪುಕ್ಕಟೆ ಸಿಕ್ಕಿತು, ನಮ್ಮವರಿಗೆ ತುಂಡು ಜಮೀನಿಲ್ಲ" ಎಂಬ ಮಾತನ್ನು ನಾನು ಮುಂಡಗೋಡದ ಬಸ್ಸಿನಲ್ಲಿಯೇ ಕೇಳಿದ್ದೇನೆ. ನಮ್ಮ ಭೂಮಿ ಇಲ್ಲದವರಿಗೆ ಭೂಮಿ ಸಿಗಬೇಕು ಅನ್ನುವುದು ನ್ಯಾಯವಾದ ಮಾತು, ಅದನ್ನು ಕೇಳಬೇಕಾದದ್ದು ಸರಕಾರವನ್ನು. ಆದರೆ ಪುಕ್ಕಟೆ ಸಿಕ್ಕಿದ್ದು ಏನು? ಕಾಡು. ಮಂಜಿನ ನಾಡಿನವರು ಬಿಸಿಲಿನಲ್ಲಿ ಮರ ಕಡಿದು, ಕ್ಷಯ ರೋಗ, ಜ್ವರಗಳಲ್ಲಿ ಸತ್ತು, ಮೆಕ್ಕೆಜೋಳ ಬೆಳೆದರು.

ನಮ್ಮವರು ಹೊರಗೆ ಹೋದಾಗ ಏನಾಯಿತು, ಅದನ್ನೂ ಸ್ವಲ್ಪ ನೋಡೋಣ. 1914ರಲ್ಲಿ ಕೋಮಗಾಟ ಮಾರು ಎಂಬ ಹಡಗಿನಲ್ಲಿ 376 ಜನ ಭಾರತೀಯರು, ಹೆಚ್ಚಿನವರು ಸಿಖ್ಖರು, ದುಡಿಯಲು ಕೆನಡಾಕ್ಕೆ ಹೋದರು. ಎರಡು ತಿಂಗಳು ಹಡಗನ್ನು ದಂಡೆಯಲ್ಲಿಯೇ ನಿಲ್ಲಿಸಿ, ಕೆಳಗೆ ಇಳಿಯಲು ಬಿಡದೆ ವಾಪಸು ಕಳಿಸಿದರು. ಬಂಗಾಲಕ್ಕೆ ಮರಳಿದಾಗ ಇಂಗ್ಲಿಷ್ ಪೊಲೀಸರ ಗುಂಡಿಗೆ ಕೆಲವರು ಬಲಿಯಾದರು. 2016ರಲ್ಲಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆಗ ಆ ದೇಶದ ರಕ್ಷಣಾ ಮಂತ್ರಿ ಪೇಟ ಸುತ್ತಿದ ಒಬ್ಬ ಸಿಖ್ಖರು! ಐರ್ಲೆಂಡಿನ ಕ್ಯಾಥೋಲಿಕರ ಕಥೆಯೂ ಇಂಥದೇ. 1845ರಿಂದ ಬಟಾಟೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಅಮೆರಿಕಾದಲ್ಲಿ ಮನೆಗೆಲಸಕ್ಕೆ ಜನ ಬೇಕು ಎಂಬ ಜಾಹೀರಾತಿನ ಕೆಳಗೆ "ಐರಿಷರು ಬರಬೇಡಿ" ಅಂತ ಬರೆಯುತ್ತಿದ್ದರು. ಇವರು ಕುಡುಕರು, ರೋಗ ತರುತ್ತಾರೆ, ಪೋಪರ ಮಾತು ಕೇಳಿ ದೇಶಕ್ಕೆ ದ್ರೋಹ ಮಾಡುತ್ತಾರೆ ಎಂದರು. 1844ರಲ್ಲಿ ಫಿಲಡೆಲ್ಫಿಯಾ ಪಟ್ಟಣದಲ್ಲಿ ಚರ್ಚುಗಳನ್ನು ಸುಟ್ಟರು. 1960ರಲ್ಲಿ ಅಂಥ ವಲಸೆಗಾರರ ಮರಿಮಗ ಜಾನ್ ಕೆನಡಿ ಅದೇ ದೇಶದ ಅಧ್ಯಕ್ಷರಾಗಿ ಚುನಾಯಿತರಾದರು. ಆದರೆ ನೋಡಿ, ಅಲ್ಲಿ ನೆಲೆ ಕಂಡ ಐರಿಷರಲ್ಲಿಯೇ ಎಷ್ಟೋ ಮಂದಿ ತಮ್ಮ ನಂತರ ಬಂದ ಚೀನೀಯರನ್ನು ಅದೇ ಮಾತಿನಲ್ಲಿ ಬೈದರು. ಅತ್ತೆಯ ಕೈಯಲ್ಲಿ ಕಷ್ಟಪಟ್ಟ ಸೊಸೆ, ತಾನು ಅತ್ತೆಯಾದಾಗ ಮರೆತಂತೆ.

ಇದು ಹಳೆಯ ಕಾಲದ ಮಾತು, ಈಗ ಹಾಗಿಲ್ಲ ಅನ್ನಬೇಡಿ. 2012ರ ಆಗಸ್ಟ್ ನೆನಪಿದೆಯೇ? ಅಸ್ಸಾಮಿನ ಗಲಭೆಗೆ ಬೆಂಗಳೂರಿನಲ್ಲಿ ಸೇಡು ತೀರಿಸುತ್ತಾರೆ ಎಂಬ ಸುದ್ದಿ ಮೊಬೈಲಿನಲ್ಲಿ ಹರಿದಾಡಿ, ಮೂರೇ ದಿನಗಳಲ್ಲಿ ಸುಮಾರು ಮೂವತ್ತು ಸಾವಿರ ಈಶಾನ್ಯದ ಹುಡುಗ-ಹುಡುಗಿಯರು ರೈಲು ಹತ್ತಿ ಗುವಾಹಟಿಗೆ ಓಡಿದರು. ಸರಕಾರ ವಿಶೇಷ ರೈಲು ಬಿಡಬೇಕಾಯಿತು. ಅದೇ ವಾರ ಮೈಸೂರಿನಲ್ಲಿ ಒಬ್ಬ ಟಿಬೆಟಿಯನ್ ಯುವಕನಿಗೆ ಚಾಕು ಹಾಕಿದರು. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟ ಹೈದರಾಬಾದಿನ ಯುವಕರನ್ನು ಮಕ್ಕಳ ಕಳ್ಳರೆಂದು ತಿಳಿದು ಜನ ಹೊಡೆದರು, ಒಬ್ಬ ಸತ್ತೇ ಹೋದ. ವಾಟ್ಸಾಪಿನಲ್ಲಿ ಬಂದ ಸುಳ್ಳು ಒಂದು ಜೀವ ತೆಗೆಯಿತು. ನಮ್ಮ ಸಂಘಗಳ ಗುಂಪಿನಲ್ಲಿಯೂ ಇಂಥ ಸಂದೇಶ ಬರುತ್ತವೆ, ಪರಿಶೀಲಿಸದೆ ಮುಂದೆ ತಳ್ಳುತ್ತೇವೆ. ನಾನೂ ಒಮ್ಮೆ ತಳ್ಳಿದ್ದೇನೆ, ಆಮೇಲೆ ಮಗ ಬೈದ.

ಈಗ ಗೋವಾದ ಮಾತಿಗೆ ಬರುತ್ತೇನೆ, ಯಾಕಂದರೆ ಆ ತಾಯಿಯ ಬಗ್ಗೆ ಎದ್ದ ಸಂಶಯದ ಬೇರು ಅಲ್ಲಿದೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ನಮ್ಮ ಬೆಳಗಾವಿ ಜಿಲ್ಲೆಯಿಂದ ಎಷ್ಟೋ ವರ್ಷದಿಂದ ಜನ ಗೋವಾಕ್ಕೆ ದುಡಿಯಲು ಹೋಗುತ್ತಾರೆ. ಅಲ್ಲಿಯ ಮನೆ, ರಸ್ತೆ, ಹೋಟೆಲು ಕಟ್ಟಿದ ಕೈಗಳಲ್ಲಿ ನಮ್ಮವರ ಕೈ ಬಹಳ. ಅಲ್ಲಿ ಅವರಿಗೆ ಸಿಕ್ಕ ಹೆಸರು "ಘಾಟಿ", ಘಟ್ಟದ ಮೇಲಿನವರು. ಹೆಸರಿನಲ್ಲಿ ತಪ್ಪಿಲ್ಲ, ಹೇಳುವ ದನಿಯಲ್ಲಿದೆ. ವಾಸ್ಕೋದ ಬೈನಾ ಕಡಲ ದಂಡೆಯಲ್ಲಿ 2004ರ ಜೂನ್ ತಿಂಗಳ ಮಳೆಯಲ್ಲಿ, ನ್ಯಾಯಾಲಯದ ಆದೇಶದ ಮೇಲೆ, ಕೆಟ್ಟ ದಂಧೆ ನಿಲ್ಲಿಸುವ ಕಾರಣ ಹೇಳಿ ಬುಲ್ಡೋಜರ್ ತಂದರು. ದಂಧೆಯಲ್ಲಿ ಸಿಕ್ಕಿಬಿದ್ದ ಹೆಂಗಸರ ಜೊತೆಗೆ, ಅದಕ್ಕೆ ಸಂಬಂಧವೇ ಇಲ್ಲದ ಕೂಲಿ ಕುಟುಂಬಗಳೂ ಬೀದಿಗೆ ಬಂದವು. 2015ರಲ್ಲಿ ಮತ್ತೆ ಅಲ್ಲಿ ಕನ್ನಡಿಗರ ಮನೆಗಳು ಬಿದ್ದವು. ಗೋವಾದಿಂದ ಬಂದ ಹೆಂಗಸು ಅಂದರೆ ಸಾಕು, ಆ ಹೆಸರು ಬೆನ್ನಿಗೆ ಅಂಟುತ್ತದೆ. ದಂಧೆಗೆ ತಳ್ಳಲ್ಪಟ್ಟವಳಾದರೂ ಅವಳದ್ದೇನು ತಪ್ಪು ಅಂತ ನಾನು ಕೇಳುತ್ತೇನೆ. ಆದರೆ ಈ ತಾಯಿ ಪಾತ್ರೆ ತಿಕ್ಕಿ ಬದುಕಿದವಳು. ಮಹದಾಯಿ ನೀರಿನ ಜಗಳ ಎದ್ದಾಗಲೆಲ್ಲ, ಬಸ್ಸು ನಿಂತಾಗಲೆಲ್ಲ, ಅಲ್ಲಿ ಎದೆ ಹೊಡೆದುಕೊಳ್ಳುವುದು ಇವಳಂಥವರದ್ದು. ಗೋವಾದವರಿಗೂ ಅವರದೇ ಭಯ ಇದೆ. ಚಿಕ್ಕ ರಾಜ್ಯ, ತಮ್ಮ ಭಾಷೆ ಏನಾದೀತು, ಮನೆ ಜಾಗ ಏನಾದೀತು ಅಂತ. ಆ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿಂದ ಘಟ್ಟ ಹತ್ತಿ ಬಂದವರ ಮೊಮ್ಮಗಳು ನಾನು. ಇಲ್ಲಿಂದ ಘಟ್ಟ ಇಳಿದು ಹೋದವಳು ಅವಳು. ದಾರಿ ಒಂದೇ.

2020ರ ಲಾಕ್‌ಡೌನ್ ಬಂತು. ನಮ್ಮ ಮಕ್ಕಳು, ಅಳಿಯಂದಿರು ಗೋವಾದಿಂದ ಕಾಡಿನ ದಾರಿ ಹಿಡಿದು, ಹಳಿಯ ಮೇಲೆ ನಡೆದು ಬಂದರು. ಆಗ ನಮ್ಮ ಹಳ್ಳಿಗಳವರು ಏನು ಮಾಡಿದೆವು? ರಸ್ತೆಗೆ ಮುಳ್ಳು ಹಾಕಿದೆವು, ಮರ ಕಡಿದು ಅಡ್ಡ ಇಟ್ಟೆವು. ಹುಟ್ಟಿದ ಊರಿನ ಹುಡುಗನೇ ಹದಿನಾಲ್ಕು ದಿನ ಶಾಲೆಯ ಪಡಸಾಲೆಯಲ್ಲಿ ಮಲಗಿದ, ಅವನ ತಾಯಿ ದೂರದಿಂದ ಬುತ್ತಿ ಇಟ್ಟು ಬಂದಳು. ರೋಗದ ಭಯ ನಿಜವಾಗಿತ್ತು, ಎಚ್ಚರಿಕೆ ಬೇಕಾಗಿತ್ತು. ಆದರೆ ಆ ದಿನಗಳಲ್ಲಿ ಮುಳ್ಳಿನ ಆ ಕಡೆ ನಿಂತವರು ನಮ್ಮ ಮನೆಯವರೇ ಆಗಿದ್ದರು. ಅವನ ತಾಯಿ ಇಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಾಳೆ, ಅವಳಿಗೆ ಗೊತ್ತು.

ಇಡೀ ಜಗತ್ತಿನಲ್ಲಿ 2024ರ ಕೊನೆಗೆ ಯುದ್ಧ, ಹಿಂಸೆಗಳಿಂದ ಮನೆ ಬಿಟ್ಟವರು 12 ಕೋಟಿಗೂ ಹೆಚ್ಚು ಎಂದು ವಿಶ್ವಸಂಸ್ಥೆಯ ಲೆಕ್ಕ. ಅವರಲ್ಲಿ ಹೆಚ್ಚಿನವರು ತಮ್ಮ ದೇಶದೊಳಗೇ ಊರು ಬಿಟ್ಟವರು. ಅಣೆಕಟ್ಟಿಗೆ ಊರು ಕೊಟ್ಟವರು ಆ ಲೆಕ್ಕದಲ್ಲಿ ಇಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಮ್ಮ ದೇಶಕ್ಕೆ ಬಂದವರೇ ಸುಮಾರು ಒಂದು ಕೋಟಿ, ಆಗ ನಾವು ಈಗಿಗಿಂತ ಬಡವರು. ಇಷ್ಟು ದೊಡ್ಡ ಲೆಕ್ಕ ನಮ್ಮ ಕೈಯಲ್ಲಿಲ್ಲ ಬಿಡಿ. ನಮ್ಮ ಕೈಯಲ್ಲಿರುವುದು ಹದಿನಾಲ್ಕು ಜನರ ಒಂದು ಸಂಘ, ಒಂದು ಠರಾವು ಪುಸ್ತಕ.

ಸಾಲ ತಗೊಂಡು ಓಡಿಹೋದರೆ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು, ಅದು ಬಡವರ ಹಣ. ಹೊರಗಿನಿಂದ ಬಂದ ಒಬ್ಬಳು ಒಂದು ಸಂಘದ ಸಾಲ ತುಂಬದೆ ಹೋದದ್ದು ನನಗೂ ಗೊತ್ತು. ಆದರೆ ನಾನು ಇಷ್ಟು ವರ್ಷ ನೋಡಿದ ಪುಸ್ತಕಗಳಲ್ಲಿ ಕಂತು ನಿಲ್ಲಿಸಿದವರಲ್ಲಿ ಹೆಚ್ಚಿನವರು ಊರಿನವರೇ. ಅವರೂ ಕೆಟ್ಟವರಲ್ಲ, ಗಂಡಸರ ಒತ್ತಾಯಕ್ಕೆ ತಮ್ಮ ಹೆಸರಿನಲ್ಲಿ ಸಾಲ ಎತ್ತಿದವರು. ಅವರು ಓಡಿಹೋಗಲಿಲ್ಲ, ಇಲ್ಲೇ ಇದ್ದಾರೆ, ಸಾಲವೂ ಇಲ್ಲೇ ಇದೆ! ಆದ್ದರಿಂದ ನನ್ನ ಸಲಹೆ ಹೀಗೆ. ಮೊದಲ ಆರು ತಿಂಗಳು ಅವಳು ಬರೀ ಉಳಿತಾಯ ಮಾಡಲಿ, ಸಭೆಗೆ ತಪ್ಪದೆ ಬರಲಿ. ಆಮೇಲೆ ತನ್ನ ಉಳಿತಾಯದಷ್ಟೇ ಮೊದಲ ಸಾಲ, ಇಬ್ಬರು ಸದಸ್ಯರ ಜಾಮೀನು. ಅದು ತೀರಿದ ಮೇಲೆ ಎಲ್ಲರಂತೆ. ಈ ನಿಯಮ ಅವಳಿಗೊಬ್ಬಳಿಗೇ ಬೇಡ, ಹೊಸದಾಗಿ ಸೇರುವ ಎಲ್ಲರಿಗೂ ಇರಲಿ, ಪಾಟೀಲರ ಸೊಸೆ ಬಂದರೂ ಇದೇ. ಸಂಘದಲ್ಲಿ ಇಪ್ಪತ್ತರವರೆಗೆ ಜಾಗ ಇದೆ.

ಇನ್ನೊಂದು ಮಾತು. ಅವಳ ರೇಷನ್ ಕಾರ್ಡು ಇನ್ನೂ ಹಳೆಯ ಊರಿನಲ್ಲಿದೆ, ಇಲ್ಲಿ ಕಿರಾಣಿ ಅಂಗಡಿಯ ಅಕ್ಕಿ ಕೊಂಡು ತಿನ್ನುತ್ತಿದ್ದಾಳೆ. ಅಂತ್ಯೋದಯ, ಬಿ.ಪಿ.ಎಲ್. ಕಾರ್ಡು ಇದ್ದವರು ಬೆರಳಚ್ಚು ಕೊಟ್ಟು ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಅಕ್ಕಿ ಪಡೆಯಬಹುದು. ಬೇರೆ ರಾಜ್ಯದ ಕಾರ್ಡು ಇದ್ದವರಿಗೂ ಈ ಸೌಲಭ್ಯ ಇದೆ. ಇದು ಅವಳಿಗೆ ಗೊತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಗೋವಾದಲ್ಲಿರುವ ನಿಮ್ಮ ಮಗಳಿಗೂ ಹೇಳಿ. ಯಾರಾದರೂ ಒಬ್ಬರು ಅವಳ ಜೊತೆ ಅಂಗಡಿಗೆ ಹೋಗಿ ಬನ್ನಿ, ಒಬ್ಬಳೇ ಹೋದರೆ "ಸರ್ವರ್ ಇಲ್ಲ" ಅಂತ ಕಳಿಸಿಬಿಡುತ್ತಾರೆ.

ಬರುವ ಗುರುವಾರದ ಸಭೆಗೆ ನಾನೂ ಬರುತ್ತೇನೆ. ಅವಳ ಹೆಸರು ಬರೆಯುವುದಾದರೆ ಪುಸ್ತಕದಲ್ಲಿ "ಊರು" ಎಂಬ ಕಲಮು ಇದೆ. ಮುಳುಗಿದ ಊರು ಬರೆಯಬೇಕೋ, ಗೋವಾ ಬರೆಯಬೇಕೋ, ಗುಂಜಿ ಬರೆಯಬೇಕೋ ಅಂತ ನಿಮ್ಮ ಪುಸ್ತಕ ಬರೆಯುವ ಹುಡುಗಿ ಆಗಲೇ ನನ್ನನ್ನು ಕೇಳಿದಳು. ನಾನು ಹೇಳುವುದಿಲ್ಲ. ಅವಳನ್ನೇ ಕೇಳಿ ಬರೆಯಿರಿ.

ಚಹಾ ಬಂದಿದೆ. ಲೋಂಡಾ ಕಡೆಯ ಗಾಡಿಗೆ ಹೋಗುವವರು ಮೊದಲು ಕುಡಿಯಿರಿ.